ಅಪ್ಸರೆಯರ ಹಿಂದೆ ನಿಂತ 79,365 ಜನ

ಗೆಳೆಯರೇ, ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

615. ಈ ಒಂದು ಸಂಖ್ಯೆ ತಲೇಲಿ ಇಟ್ಕೊಳ್ಳಿ.

ಕಾಂಬೋಡಿಯಾದ ಅಂಕೋರ್‌ನಲ್ಲಿ ತಾ ಪ್ರೋಮ್ ಅಂತ ಒಂದು ದೇವಸ್ಥಾನ ಇದೆ. ಮರದ ಬೇರುಗಳು ಗೋಡೆಯನ್ನೇ ನುಂಗಿಕೊಂಡಿರೋ ಫೋಟೋ ನೀವೆಲ್ಲ ನೋಡಿರ್ತೀರಿ, ಅದೇ ಇದು. ಏಳನೇ ಜಯವರ್ಮ ಅನ್ನೋ ರಾಜ ತನ್ನ ತಾಯಿಯ ನೆನಪಿಗೆ ಕಟ್ಟಿಸಿ 1186ರಲ್ಲಿ ಒಂದು ಸಂಸ್ಕೃತ ಶಾಸನ ನಿಲ್ಲಿಸಿದ. ಆ ಗುಡಿಗೆ ಎಷ್ಟು ಅಕ್ಕಿ, ಎಷ್ಟು ಜೇನು, ಎಷ್ಟು ಬಟ್ಟೆ ಬರಬೇಕು ಅನ್ನೋ ಲೆಕ್ಕವೆಲ್ಲ ಅದರಲ್ಲಿದೆ. ಜನರ ಲೆಕ್ಕವೂ ಅದರಲ್ಲೇ ಇದೆ. 3,140 ಹಳ್ಳಿಗಳು. ಗುಡಿಯ ಸೇವೆಗೆ ಕಟ್ಟುಬಿದ್ದವರು 79,365 ಜನ. ಗುಡಿಯ ನರ್ತಕಿಯರು 615 ಜನ. ಅಕ್ಕಿ, ಎಣ್ಣೆ, ತುಪ್ಪ ಬರೆದ ಕಲ್ಲಿನಲ್ಲೇ ನರ್ತಕಿಯರನ್ನೂ ಬರೆದಿದ್ದಾರೆ, ಬರೀ ಸಂಖ್ಯೆಯಾಗಿ.

ಕಾಂಬೋಡಿಯಾದಲ್ಲಿ ಸುತ್ತಾಡುವಾಗ ಖ್ಮೇರ್ ನೃತ್ಯ ನೋಡಿದೆ. 'ಹೆಂಗಿತ್ತು?' ಅಂತ ತುಂಬಾ ಜನ ಕೇಳಿದ್ರು. ಚೆನ್ನಾಗಿತ್ತು ಅನ್ನೋದು ನಿಜ. ಆದರೆ ಅಷ್ಟು ಹೇಳಿ ಸುಮ್ಮನಾಗೋಕೆ ಆ 615 ಜನ ಬಿಡ್ತಿಲ್ಲ.

ಮೊದಲು ನೋಡಿದ್ದನ್ನು ಹೇಳ್ತೀನಿ. ಸಿಯೆಮ್ ರೀಪ್ ಊರಲ್ಲಿ ಸಂಜೆ ಊಟದ ಜೊತೆ ನೃತ್ಯ ಇರುವ ಹೋಟೆಲುಗಳು ಬೇಕಾದಷ್ಟಿವೆ. ಒಂದು ಟಿಕೆಟ್ಟಿಗೆ ಊಟ, ಆಟ ಎರಡೂ. ಅಂಥದ್ದೊಂದರಲ್ಲಿ ಕೂತಿದ್ದೆ. ವೇದಿಕೆ ಪಕ್ಕದಲ್ಲಿ ವಾದ್ಯದವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ರು. ಆ ಮೇಳಕ್ಕೆ ಪಿನ್‌ಪೀಟ್ ಅಂತಾರೆ. ಮರದ ಪಟ್ಟಿಗಳನ್ನು ಜೋಡಿಸಿ ಬಡಿಯುವ ರೊನೀಟ್, ನಮ್ಮ ಓಲಗವನ್ನು ನೆನಪಿಸುವ ಸ್ರಲೈ, ಎರಡು ಮುಖದ ಸಂಫೊ ಅನ್ನೋ ಮದ್ದಳೆ, ಕೈಯಲ್ಲಿ ಸಣ್ಣ ತಾಳ. ಅಲ್ಲಿ ಸಂಫೊ ಅಂದ್ರೆ ಪೂಜ್ಯ ವಾದ್ಯ. ಆಟ ಶುರುವಾಗೋ ಮೊದಲು ಅದಕ್ಕೆ ಹೂವು, ಊದುಬತ್ತಿ ಇಟ್ಟು ಕೈಮುಗಿಯುವ ಪದ್ಧತಿ ಇದೆ. ಚರ್ಮದ ವಾದ್ಯಕ್ಕೆ ಕೈಮುಗಿಯೋದನ್ನು ಕೇಳಿದರೆ ನಮ್ಮಂಥವರಿಗೆ ಏನನ್ನಿಸುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ತಮಟೆ ಬೇಕು, ತಮಟೆ ಬಡಿಯೋನು ಗುಡಿ ಬಾಗಿಲ ಆಚೆಗೇ ನಿಲ್ಲಬೇಕು.

ಶುರುವಿಗೆ ಹೂವಿನ ಎಸಳು ಎರಚುವ ಹರಕೆಯ ನೃತ್ಯ. ಆಮೇಲೆ ಮೀನು ಹಿಡಿಯುವವರ ನೃತ್ಯ, ತೆಂಗಿನ ಚಿಪ್ಪಿನ ನೃತ್ಯ. ಕೊನೆಗೆ ಅಪ್ಸರಾ. ಬಿಳಿ ಉಡುಪಿನ ಒಬ್ಬಳು ಮುಂದೆ, ಬಣ್ಣದ ಉಡುಪಿನವರು ಅವಳ ಹಿಂದೆ. ತಲೆ ಮೇಲೆ ಗೋಪುರದಂಥ ಕಿರೀಟ. ಉಡುಪನ್ನು ಮೈಮೇಲೇ ಸೂಜಿ ದಾರದಲ್ಲಿ ಹೊಲಿದು ಬಿಗಿ ಮಾಡಿರ್ತಾರೆ. ಬೆರಳುಗಳು ಮುಂಗೈ ಕಡೆಗೆ ಬಾಗುತ್ತವೆ. ಚಿಕ್ಕ ವಯಸ್ಸಿಂದ ಬೆರಳನ್ನು ಹಿಂದಕ್ಕೆ ಒತ್ತಿ ಒತ್ತಿ ಪಳಗಿಸಿದರಷ್ಟೇ ಹಾಗೆ ಬಾಗೋದು. ಬೆರಳಲ್ಲೇ ಎಲೆ, ಬೆರಳಲ್ಲೇ ಹೂವು, ಬೆರಳಲ್ಲೇ ಹಣ್ಣು. ಓಡೋದಿಲ್ಲ, ಹಾರೋದಿಲ್ಲ, ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ತಿರುಗ್ತಾರೆ. ಅಷ್ಟು ನಿಧಾನಕ್ಕೆ ತಿರುಗೋಕೆ ಎಷ್ಟು ಕಸುವು ಬೇಕು ಅನ್ನೋದು ಮೈಮುರಿದು ದುಡಿದವರಿಗೆ ಗೊತ್ತಿರುತ್ತೆ.

ಪಕ್ಕದ ಟೇಬಲ್ಲಿನಲ್ಲಿ ನಮ್ಮ ದೇಶದ ಒಂದು ಟೂರ್ ಗುಂಪು. ಅದರಲ್ಲೊಬ್ಬರು ಎಲ್ಲರಿಗೂ ಕೇಳೋ ಹಾಗೆ ಅಂದ್ರು: 'ನೋಡಿ, ನಮ್ಮ ಸಂಸ್ಕೃತಿ ಎಲ್ಲಿವರೆಗೂ ಹೋಗಿತ್ತು!'

ಇವತ್ತಿನ ಬರಹ ಆ ಮಾತಿನ ಸುತ್ತಲೇ. 'ನಮ್ಮ' ಅಂದ್ರೆ ಯಾರ? ಏನೇನು ಹೋಗಿತ್ತು?

ಸಂಸ್ಕೃತ ಹೋಗಿತ್ತು, ಶಿವ, ವಿಷ್ಣು ಹೋಗಿದ್ರು, ರಾಮಾಯಣ ಹೋಗಿ ರೀಮ್‌ಕೇರ್ ಆಯ್ತು, ಎಲ್ಲ ಸರಿ. ಪುರೋಹಿತಿಕೆಯ ಆಸ್ತಿಯೂ ಹೋಗಿತ್ತು. 1052ರ ಸ್ದೋಕ್ ಕಾಕ್ ಥೋಮ್ ಶಾಸನ ಓದಿದರೆ ಗೊತ್ತಾಗುತ್ತೆ. ಒಂದೇ ಬ್ರಾಹ್ಮಣ ಮನೆತನ ಸುಮಾರು 250 ವರ್ಷ ರಾಜರ ಪುರೋಹಿತಿಕೆಯನ್ನು ತನ್ನಲ್ಲೇ ಇಟ್ಟುಕೊಂಡು, ಆ ರಾಜರಿಂದ ಪಡೆದ ಭೂಮಿ, ಆಳುಗಳ ವಿವರವನ್ನೆಲ್ಲ ಕಲ್ಲಲ್ಲಿ ಕೊರೆಸಿದೆ. ಒಂದು ಮಾತು ಮಾತ್ರ ಸ್ಪಷ್ಟ ಮಾಡಿಬಿಡ್ತೀನಿ, ನಾಳೆ ಯಾರೂ ತಿರುಚಬಾರದು. ಅಲ್ಲಿನ ಗುಲಾಮಗಿರಿ ಭಾರತದಿಂದಲೇ ಹೋಯ್ತು ಅಂತ ನಾನು ಹೇಳ್ತಿಲ್ಲ. ನಮ್ಮ ಜಾತಿಪದ್ಧತಿ ಇದ್ದಹಾಗೇ ಅಲ್ಲಿ ಬೇರು ಬಿಡಲೂ ಇಲ್ಲ. ವರ್ಣದ ಹೆಸರುಗಳು ಅರಮನೆಯ ಸುತ್ತಮುತ್ತ ಇದ್ದವು, ಅಷ್ಟೆ. ಆದರೆ ಮನುಷ್ಯರನ್ನು ದೇವರ ಹೆಸರಲ್ಲಿ ಆಸ್ತಿ ಮಾಡೋದಕ್ಕೆ ಬೇಕಾದ ಭಾಷೆ, ಪುಣ್ಯದ ಲೆಕ್ಕ, ದಾನದ ಶಾಸನ ಇವೆಲ್ಲ ಆ 'ಸಂಸ್ಕೃತಿ'ಯ ಜೊತೆಗೇ ಬಂದವು.

ಖ್ಮೇರ್ ಭಾಷೆಯಲ್ಲಿ ಸಿಕ್ಕಿರೋ, ಕಾಲ ನಮೂದಿಸಿರೋ ಅತಿ ಹಳೆಯ ಶಾಸನ ಅಂಕೋರ್ ಬೊರೈ ಅನ್ನೋ ಊರಿನದು, ಕ್ರಿ.ಶ. 611. ನಮ್ಮ ಹಲ್ಮಿಡಿ ಶಾಸನ ಇದ್ದ ಹಾಗೆ ಅಂದ್ಕೊಳ್ಳಿ. ಒಂದು ಭಾಷೆ ಮೊದಲ ಸಲ ತಾರೀಖು ಹಾಕಿಕೊಂಡು ಕಲ್ಲಿನ ಮೇಲೆ ಮಾತಾಡಿದಾಗ ಏನು ಹೇಳ್ತು ಗೊತ್ತಾ? ದೇವರಿಗೆ ಕೊಟ್ಟ ಜನರ ಪಟ್ಟಿ. ಅದರಲ್ಲಿ ನರ್ತಕಿಯರಿದ್ದಾರೆ, ಹಾಡುವವರಿದ್ದಾರೆ, ವಾದ್ಯದವರಿದ್ದಾರೆ.

ಆ ಕಾಲದ ಶಾಸನಗಳಲ್ಲಿ ಹೀಗೆ ಕೊಡಲ್ಪಟ್ಟವರಿಗೆ 'ಖ್ಞುಂ' ಅನ್ನೋ ಪದ ಬರುತ್ತೆ. ಗುಲಾಮ, ಆಳು ಅಂತ ಅರ್ಥ. ಇವರೆಲ್ಲ ಕೊಂಡು ಮಾರುವ ಗುಲಾಮರೇ, ಜೀತದಾಳುಗಳೇ, ಇಲ್ಲಾ ಸರದಿ ಮೇಲೆ ಬಿಟ್ಟಿ ಚಾಕರಿಗೆ ಬರುತ್ತಿದ್ದ ಹಳ್ಳಿಯವರೇ ಅಂತ ವಿದ್ವಾಂಸರು ಇನ್ನೂ ಚರ್ಚೆ ಮಾಡ್ತಾರೆ. ಮಾಡ್ಲಿ. ಹೆಸರುಗಳನ್ನು ನೋಡಿದರೆ ಅವರನ್ನು ಎಲ್ಲಿ ಇಟ್ಟಿದ್ರು ಅನ್ನೋದು ನಮಗೆ ತಿಳಿಯುತ್ತೆ. ನರ್ತಕಿಯರಿಗೆ, ಹಾಡುವವರಿಗೆ ಅಂದಚಂದದ ಸಂಸ್ಕೃತ ಹೆಸರು. ಗದ್ದೆ ಕೆಲಸದ ಆಳುಗಳಲ್ಲಿ ಎಷ್ಟೋ ಜನರಿಗೆ 'ನಾಯಿ', 'ಬೆಕ್ಕು', 'ಅಸಹ್ಯ', 'ನಾರುವವ' ಅಂತ ಹೆಸರು.

ಇದನ್ನು ಓದಿದಾಗ ಮನುಸ್ಮೃತಿಯ ಎರಡನೇ ಅಧ್ಯಾಯ ನೆನಪಾಗದೇ ಇರುತ್ತಾ? ಶೂದ್ರನ ಹೆಸರು ಕೇಳಿದರೆ ಜುಗುಪ್ಸೆ ಹುಟ್ಟಬೇಕು ಅಂತ ಅಲ್ಲಿ ವಿಧಿ ಇದೆ. ನಮ್ಮ ಕೇರಿಗಳಲ್ಲಿ ಕರಿಯ, ತಿಪ್ಪ, ಹುಚ್ಚ ಅನ್ನೋ ಹೆಸರಿನ ಹಿರಿಯರನ್ನು ನಾವೆಲ್ಲ ನೋಡಿದ್ದೀವಿ. ಕೆಲವನ್ನು ಮಗು ಉಳೀಲಿ ಅಂತ ಪ್ರೀತಿಯಿಂದಲೇ ಇಟ್ಟಿದ್ರು, ಒಪ್ತೀನಿ. ಆದರೆ ಅದೇ ಹೆಸರನ್ನು ಗೌಡರ ಜಗಲಿಯಿಂದ ಕೂಗಿದಾಗ ಅದು ಪ್ರೀತಿಯ ಹೆಸರಾಗಿ ಕೇಳಿಸ್ತಿರಲಿಲ್ಲ.

ಸಂಸ್ಕೃತ ಹೆಸರು ಸಿಕ್ಕ ಮಾತ್ರಕ್ಕೆ ನರ್ತಕಿ ಸ್ವತಂತ್ರಳಾಗಲಿಲ್ಲ. 'ನಾರುವವ'ನೂ ಆಸ್ತಿ, ಅವಳೂ ಆಸ್ತಿ, ಇಬ್ಬರೂ ಒಂದೇ ಪಟ್ಟಿಯಲ್ಲಿ. ಅವಳು ದೇವರ ಕಣ್ಣಿಗೆ, ರಾಜನ ಕಣ್ಣಿಗೆ ಬೀಳೋಳು ಅಂತ ಚಂದದ ಹೆಸರು. ನಮ್ಮ ದೇವದಾಸಿಗೆ 'ನಿತ್ಯ ಸುಮಂಗಲಿ' ಅಂತ ಹೆಸರಿಟ್ಟ ಹಾಗೆ.

ಇನ್ನೊಂದು ಸಾಕ್ಷಿ ಕಲ್ಲಿನದಲ್ಲ, ಕಣ್ಣಿನದು. 1296ರಲ್ಲಿ ಝೌ ದಾಗ್ವಾನ್ ಅನ್ನೋ ಚೀನಾದವನು ರಾಯಭಾರಿಗಳ ಜೊತೆ ಅಂಕೋರ್‌ಗೆ ಬಂದು ಸುಮಾರು ಒಂದು ವರ್ಷ ಇದ್ದ, ಕಂಡದ್ದನ್ನು ಬರೆದಿಟ್ಟ. ಗುಡ್ಡಗಾಡಿನ ಜನರನ್ನು ಹಿಡಿದು ತಂದು ಮಾರ್ತಿದ್ರಂತೆ. ಹೆಚ್ಚು ಇದ್ದವರ ಮನೇಲಿ ನೂರಕ್ಕೂ ಮೇಲೆ ಗುಲಾಮರು, ಕಡಿಮೆ ಅಂದ್ರೂ ಹತ್ತಿಪ್ಪತ್ತು. ತೀರಾ ಬಡವರ ಮನೇಲಿ ಮಾತ್ರ ಇರ್ತಿರಲಿಲ್ಲ. ಅಲ್ಲಿನ ಮನೆಗಳು ಕಂಬದ ಮೇಲೆ ಎತ್ತರಕ್ಕೆ ಕಟ್ಟಿದವು. ಗುಲಾಮರು ಮನೆಯ ಅಡಿಯಲ್ಲೇ ಕೂರಬೇಕು, ಅಲ್ಲೇ ಮಲಗಬೇಕು. ಕೆಲಸಕ್ಕೆ ಮೇಲೆ ಹತ್ತಿದರೆ ಮೊದಲು ಮೊಣಕಾಲೂರಿ, ಕೈಮುಗಿದು, ನೆಲಕ್ಕೆ ತಲೆ ತಾಗಿಸಬೇಕು. ಓಡಿಹೋಗಿ ಸಿಕ್ಕಿಬಿದ್ದರೆ ಮುಖಕ್ಕೆ ಹಚ್ಚೆ ಚುಚ್ಚೋರು, ಇಲ್ಲಾ ಕುತ್ತಿಗೆಗೆ ಕಬ್ಬಿಣ ಹಾಕೋರು. ಚೀನಾದಿಂದ ಬಂದವನು ಯಾರಾದ್ರೂ ಗುಲಾಮ ಹೆಣ್ಣಿನ ಸಂಗ ಮಾಡಿದ ಅಂತ ತಿಳಿದರೆ ಮಾರನೇ ದಿನ ಅವಳ ಯಜಮಾನ ಅವನ ಜೊತೆ ಕೂರ್ತಿರಲಿಲ್ಲ. ಜಗಳದಲ್ಲಿ ಒಬ್ಬರನ್ನು ಆ ಗುಡ್ಡದ ಜನರ ಹೆಸರು ಹಿಡಿದು ಬೈದರೆ ಅದಕ್ಕಿಂತ ದೊಡ್ಡ ಅವಮಾನ ಇರ್ತಿರಲಿಲ್ಲ.

ಯಾವ ದೇಶದ ಕಥೆ ಇದು ಅಂತ ಹೇಳದೆ ಓದಿದರೆ ನಿಮ್ಮ ತಾಲ್ಲೂಕಿನದು ಅನ್ಕೋತೀರಿ. ಇವತ್ತಿಗೂ ಅಲ್ಲಿನ ಬುನೊಂಗ್ ಅನ್ನೋ ಬುಡಕಟ್ಟಿನ ಹೆಸರು, 'ಫ್ನೊಂಗ್' ಅನ್ನೋ ರೂಪದಲ್ಲಿ, ಬೈಗುಳವಾಗಿ ಬಳಕೆಯಲ್ಲಿದೆ. ಜಾತಿ ಹೆಸರು ಬೈಗುಳವಾಗೋದು ಹೇಗೆ ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ಈಗ ನಮ್ಮವರಿಗೇ ಒಂದು ಕಹಿ ಮಾತು. ಏಳನೇ ಜಯವರ್ಮ ಬೌದ್ಧ. ಶೈವ, ವೈಷ್ಣವ ರಾಜರ ಸಾಲಿನಲ್ಲಿ ಮಹಾಯಾನ ಬೌದ್ಧಧರ್ಮವನ್ನು ಎತ್ತಿಹಿಡಿದವನು. ಬಾಯೊನ್ ದೇವಾಲಯದ ಆ ನಗುಮುಖಗಳ ಫೋಟೋ ಹಾಕಿ 'ನಮ್ಮ ಬುದ್ಧನ ಸಾಮ್ರಾಜ್ಯ' ಅಂತ ನಮ್ಮ ಗ್ರೂಪುಗಳಲ್ಲೂ ಹಂಚಿಕೊಳ್ತೀವಿ. ಆತ ಒಳ್ಳೇದೂ ಮಾಡಿದ. ತಾ ಪ್ರೋಮ್ ಶಾಸನವೇ 102 ಆಸ್ಪತ್ರೆಗಳ ಲೆಕ್ಕ ಕೊಡುತ್ತೆ. ನಾಲ್ಕೂ ವರ್ಣದವರಿಗೆ ಅಲ್ಲಿ ಚಿಕಿತ್ಸೆ ಉಂಟು ಅಂತ ಆಸ್ಪತ್ರೆಯ ಶಾಸನ ಹೇಳುತ್ತೆ. ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಅದೇ ಕಲ್ಲಿನಲ್ಲಿ 79,365 ಜನ ದೇವರ ಚಾಕರಿಗೆ. ಗುಡಿಯೊಳಗಿನ ಮೂರ್ತಿ ಬದಲಾಯ್ತು, ಕೆಳಗೆ ಕಲ್ಲು ಹೊತ್ತವನ ಸ್ಥಿತಿ ಬದಲಾಗಲಿಲ್ಲ. ಬಾಬಾಸಾಹೇಬರು 1956ರಲ್ಲಿ ನಾಗ್ಪುರದಲ್ಲಿ ಧಮ್ಮ ದೀಕ್ಷೆ ತಗೊಂಡಾಗ ಬರೀ ಬುದ್ಧನಿಗೆ ಶರಣು ಅಂದು ಕೈಬಿಡಲಿಲ್ಲ. 22 ಪ್ರತಿಜ್ಞೆ ಸೇರಿಸಿದ್ರು, ಅದರಲ್ಲಿ ಎಲ್ಲ ಮನುಷ್ಯರೂ ಸಮಾನರು ಅನ್ನೋ ನಂಬಿಕೆಯನ್ನೂ ಸೇರಿಸಿದ್ರು. ಯಾಕೆ ಅಂತ ತಾ ಪ್ರೋಮ್ ನೋಡಿದ ಮೇಲೆ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ.

ಇನ್ನು ಆ 'ಸಾವಿರ ವರ್ಷದ' ನೃತ್ಯದ ವಿಷಯ. ಅಂಕೋರ್ ವಾಟ್ ಗೋಡೆಗಳ ಮೇಲೆ 1,700ಕ್ಕೂ ಹೆಚ್ಚು ಹೆಣ್ಣು ಶಿಲ್ಪಗಳಿವೆ. ಆದರೆ ನಾವು ವೇದಿಕೆ ಮೇಲೆ ನೋಡುವ ಅಪ್ಸರಾ ನೃತ್ಯಕ್ಕೆ ಸಾವಿರ ವರ್ಷ ಆಗಿಲ್ಲ. ಅರಮನೆಯ ನೃತ್ಯ ಪರಂಪರೆ ಹಳೆಯದು, ನಿಜ. ಅಪ್ಸರಾ ಅನ್ನೋ ಈ ಒಂದು ನೃತ್ಯ ಮಾತ್ರ ರಾಣಿ ಕೊಸ್ಸಮಾಕ್ ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ, ಕಲ್ಲಿನ ಶಿಲ್ಪ ನೋಡಿ ಕಟ್ಟಿಸಿದ್ದು. ಅವರ ಮೊಮ್ಮಗಳು ರಾಜಕುಮಾರಿ ಬುಪ್ಪಾ ದೇವಿ ಅದನ್ನು ಕುಣಿದು ಜಗತ್ತಿಗೆ ತೋರಿಸಿದ್ರು. ಮೀನುಗಾರರ ನೃತ್ಯವೂ 1960ರ ದಶಕದಲ್ಲಿ ಕಲಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಹೊಸದು ಅಂದ್ರೆ ಸುಳ್ಳು ಅಂತ ಅರ್ಥ ಅಲ್ಲ. ಸ್ವಾತಂತ್ರ್ಯ ಸಿಕ್ಕ ದೇಶ ತನಗೊಂದು ಮುಖ ಬೇಕು ಅಂತ ಮಾಡ್ಕೊಂಡಿತು. ಆದರೆ ಒಂದು ಗಮನಿಸಿ. ದೇಶದ ಮುಖವಾಗಿ ಅಪ್ಸರೆ ಕೊನೆಯಲ್ಲಿ ಬರ್ತಾಳೆ. ಮೀನು ಹಿಡಿಯೋನು ಮಧ್ಯದಲ್ಲಿ ಬಂದು, ಬುಟ್ಟಿ ಹಿಡ್ಕೊಂಡು ಹಲ್ಲು ಕಿರಿದು, ಹುಡುಗಿಯನ್ನು ಕಿಚಾಯಿಸಿ ಹೋಗ್ತಾನೆ. ದುಡಿಯೋ ಜನ ವೇದಿಕೆ ಮೇಲೆ ಯಾವಾಗಲೂ ಖುಷಿಯಾಗಿರಬೇಕು. ನಮ್ಮಲ್ಲಿ ಮಂತ್ರಿಗಳ ಮೆರವಣಿಗೆ ಮುಂದೆ ತಮಟೆಯವರು ನಗ್ತಾ ಕುಣೀತಾರಲ್ಲ, ಹಾಗೆ.

ಆಮೇಲೆ ಬಂತು 1975ರ ಏಪ್ರಿಲ್ 17. ಪೋಲ್ ಪಾಟ್‌ನ ಖ್ಮೇರ್ ರೂಜ್ ಸೈನ್ಯ ನೋಮ್ ಪೆನ್ ಹಿಡೀತು. ಇಡೀ ನಗರವನ್ನು ಖಾಲಿ ಮಾಡಿಸಿ ಜನರನ್ನು ಗದ್ದೆಗೆ ಅಟ್ಟಿದ್ರು. ದುಡ್ಡು ರದ್ದು, ಶಾಲೆ ಬಂದ್, ವಿಹಾರ ಬಂದ್. ಹಳ್ಳಿಯ 'ಮೂಲ ಜನ', ನಗರದಿಂದ ಬಂದ 'ಹೊಸ ಜನ' ಅಂತ ಎರಡು ಜಾತಿ ಮಾಡಿದ್ರು. ಅರಮನೆಯ ನೃತ್ಯ ಅಂದ್ರೆ ಪಾಳೇಗಾರಿಕೆಯ ಪಳೆಯುಳಿಕೆ. ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ. ಸತ್ತವರು ಅಂದಾಜು 17ರಿಂದ 20 ಲಕ್ಷ, ದೇಶದ ಜನರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು. ನರ್ತಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಉಳಿಯಲಿಲ್ಲ ಅನ್ನೋ ಅಂದಾಜು ಎಲ್ಲ ಕಡೆ ಕೇಳಿಸುತ್ತೆ. ಎಮ್ ಥಿಯೇ ಅನ್ನೋ ಕಲಾವಿದೆಯ ಮೇಲೆ 1993ರಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರೇ 'ಹತ್ತನೇ ನರ್ತಕಿ'.

ಇದರೊಳಗೆ ಎದೆಗೆ ಚುಚ್ಚುವ ಒಂದು ಸಂಗತಿ ಇದೆ. ಪೋಲ್ ಪಾಟ್ ಅನ್ನೋನ ನಿಜವಾದ ಹೆಸರು ಸಲೋತ್ ಸಾರ್. ಅವನ ಅಕ್ಕ ರಾಜ ಮೊನಿವೊಂಗ್‌ನ ಅಂತಃಪುರದಲ್ಲಿದ್ದಳು. ಅವನ ಅಣ್ಣನ ಹೆಂಡತಿ ಚಿಯಾ ಸಾಮಿ ಚಿಕ್ಕ ವಯಸ್ಸಲ್ಲೇ ಅರಮನೆಗೆ ಸೇರಿದ ನರ್ತಕಿ. ಹುಡುಗನಾಗಿದ್ದಾಗ ಅವನು ಬೆಳೆದದ್ದು ಆ ಅತ್ತಿಗೆಯ ಮನೆಯಲ್ಲಿ. ಅದೇ ಅತ್ತಿಗೆ ಅವನ ಆಳ್ವಿಕೆಯಲ್ಲಿ ಎಲ್ಲರಂತೆ ಹಳ್ಳಿಗೆ ತಳ್ಳಿಸಿಕೊಂಡು ದುಡಿದಳು. ಪೋಲ್ ಪಾಟ್ ಅಂದ್ರೆ ತನ್ನ ಮೈದುನನೇ ಅಂತ ಅವಳಿಗೆ ಗೊತ್ತಾಗಿದ್ದು ಗೋಡೆಗೆ ಹಾಕಿದ ಭಾವಚಿತ್ರ ನೋಡಿದಾಗ.

ಅರಮನೆ ಅಂದ್ರೆ ಶೋಷಣೆ ಅಂತ ಅವನಿಗೆ ಗೊತ್ತಿತ್ತು. ಆದರೆ ಅರಮನೆಯೊಳಗೆ ಶೋಷಣೆಗೆ ಸಿಕ್ಕವಳು ಯಾರು ಅನ್ನೋದು ಬೇಡವಾಯ್ತು. ರಾಜ ಬೀಜಿಂಗ್‌ಗೆ ಹೋಗಿಬಂದು ಬದುಕಿದ. ರಾಜನಿಗಾಗಿ ಕುಣಿದವಳು ಗದ್ದೆಯ ಬದುವಲ್ಲಿ ಸತ್ತಳು.

ಇದನ್ನು ನಮ್ಮ ಚಳವಳಿಯ ಗೆಳೆಯರಿಗೆ ಒತ್ತಿ ಹೇಳಬೇಕು ಅನ್ನಿಸ್ತು. 'ಪರಂಪರೆ ಎಲ್ಲ ಸುಟ್ಟುಹಾಕಿ' ಅಂತ ನಾವೂ ಸಿಟ್ಟಲ್ಲಿ ಬರೀತೀವಿ. ಸಿಟ್ಟು ನ್ಯಾಯವೇ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ರು. ಸುಟ್ಟದ್ದು ಪುಸ್ತಕವನ್ನು, ಮನುಷ್ಯರನ್ನಲ್ಲ. 1956ರ ನವೆಂಬರ್‌ನಲ್ಲಿ, ಪರಿನಿಬ್ಬಾಣಕ್ಕೆ ಎರಡು ವಾರ ಮೊದಲು, ಕಠ್ಮಂಡುವಿನ ಬೌದ್ಧ ಸಮ್ಮೇಳನದಲ್ಲಿ ಬುದ್ಧ, ಮಾರ್ಕ್ಸ್ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಮಾತಾಡಿದ್ರು. ಗುರಿ ಎಷ್ಟೇ ಒಳ್ಳೇದಿರಲಿ, ಬಲವಂತ ಮತ್ತು ಹಿಂಸೆಯಿಂದ ತಂದದ್ದು ನಿಲ್ಲೋದಿಲ್ಲ, ಮನಸ್ಸು ಬದಲಾಗದೆ ಸಮಾನತೆ ಬಾಳೋದಿಲ್ಲ ಅನ್ನೋದು ಅವರ ವಾದದ ತಿರುಳು. ಅಂಥ ಮಾತನ್ನು ಏಷ್ಯಾದ ಬೌದ್ಧ ದೇಶಗಳ ಪ್ರತಿನಿಧಿಗಳ ಮುಂದೆ ಹೇಳಿದ್ರು. ಅದಾಗಿ 19 ವರ್ಷಕ್ಕೆ ಕಾಂಬೋಡಿಯಾ ಹೀಗಾಯ್ತು.

ಆದರೆ ಕಥೆ ಅಲ್ಲಿಗೆ ಮುಗೀಲಿಲ್ಲ. 1979ರ ಜನವರಿ 7ಕ್ಕೆ ಖ್ಮೇರ್ ರೂಜ್ ನೋಮ್ ಪೆನ್ ಬಿಟ್ಟು ಓಡ್ತು. ಉಳಿದವರು ಒಬ್ಬೊಬ್ಬರೇ ಹುಡುಕ್ಕೊಂಡು ಬಂದ್ರು. ಪುಸ್ತಕ ಇಲ್ಲ, ಉಡುಪು ಇಲ್ಲ, ವಾದ್ಯ ಇಲ್ಲ. ಇದ್ದದ್ದು ಮೈಯಲ್ಲಿ ಉಳಿದ ನೆನಪು. ಎಮ್ ಥಿಯೇ ತಮ್ಮ ಹಾಡಿನ ಪುಸ್ತಕವನ್ನು ಆ ವರ್ಷಗಳುದ್ದಕ್ಕೂ ಬಚ್ಚಿಟ್ಟುಕೊಂಡಿದ್ರು. ಮಕ್ಕಳನ್ನು ಕಳ್ಕೊಂಡ್ರು, ಪುಸ್ತಕ ಉಳಿಸಿದ್ರು. ಕಲಾ ಶಾಲೆ ಮತ್ತೆ ಶುರುವಾದಾಗ ಚಿಯಾ ಸಾಮಿ ಗುರುವಾದ್ರು. ಕಲಿಯೋಕೆ ಬಂದವರಲ್ಲಿ ಅನಾಥ ಮಕ್ಕಳು ಬೇಕಾದಷ್ಟು. ಥೈಲ್ಯಾಂಡ್ ಗಡಿಯ ನಿರಾಶ್ರಿತರ ಶಿಬಿರಗಳಲ್ಲೂ ಮಕ್ಕಳಿಗೆ ಕುಣಿತ ಕಲಿಸಿದ್ರು. ಆಗ ರಾಜನೂ ಇರಲಿಲ್ಲ, ಅರಮನೆಯೂ ಇರಲಿಲ್ಲ. ಆದರೂ ನೃತ್ಯ ಉಳೀತು. ಅಂದ್ರೆ ಅದು ರಾಜನದ್ದು ಆಗಿರಲೇ ಇಲ್ಲ! 2003ರಲ್ಲಿ ಯುನೆಸ್ಕೋ ಇದನ್ನು ಮನ್ನಿಸಿದಾಗ ಕೊಟ್ಟ ಹೆಸರು 'ರಾಯಲ್ ಬ್ಯಾಲೆ'. ಉಳಿಸಿದ್ದು ಆ ಹೆಂಗಸರ ಮೈ, ಬಿರುದು ಅರಮನೆಗೆ.

ಇಲ್ಲಿ ನಮ್ಮದನ್ನು ಪಕ್ಕಕ್ಕಿಟ್ಟು ನೋಡಿ. ದೇವದಾಸಿ ಮನೆತನದ ಹೆಣ್ಣುಮಕ್ಕಳ ಸದಿರ್ 1930ರ ದಶಕದಲ್ಲಿ 'ಭರತನಾಟ್ಯ' ಅಂತ ಶುದ್ಧವಾಗಿ ಮೇಲ್ಜಾತಿ ಮನೆಗಳ ಹಜಾರಕ್ಕೆ ಹೋಯ್ತು. 1947ರಲ್ಲಿ ಮದ್ರಾಸಿನಲ್ಲಿ ದೇವದಾಸಿ ಪದ್ಧತಿ ನಿಷೇಧ ಆಯ್ತು. ಪದ್ಧತಿ ಹೋಗಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲೆಗೆ ಗೌರವ ಸಿಕ್ಕಿತು, ಕಲೆ ಹೊತ್ತವಳಿಗೆ ಕಳಂಕ ಉಳೀತು. ಅವಳ ಮೊಮ್ಮಕ್ಕಳು ಅಜ್ಜಿಯ ಹೆಸರು ಹೇಳೋಕೆ ನಾಚಿಕೆ ಪಟ್ಟರು. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಕೇರಿಯ ಹೆಣ್ಣುಮಕ್ಕಳಿಗಂತೂ ವೇದಿಕೆಯೂ ಇಲ್ಲ, ಬಿರುದೂ ಇಲ್ಲ. 1982ರಲ್ಲಿ ಕಾಯ್ದೆ ಬಂತು, ಅವರ ಚೌಡಿಕೆ ಹಾಡನ್ನು 'ಶಾಸ್ತ್ರೀಯ' ಅಂತ ಇವತ್ತಿಗೂ ಯಾರೂ ಕರೆಯೋದಿಲ್ಲ.

ಕಾಂಬೋಡಿಯಾದಲ್ಲಿ ಆ ಹಗ್ಗ ಪೂರ್ತಿ ಕಡೀಲಿಲ್ಲ. ಕಲಿಸಿದವಳು ಬದುಕಿ ಉಳಿದ ನರ್ತಕಿಯೇ, ಬೇರೆಯವರಲ್ಲ. ಅವರಲ್ಲಿ ಸಂಪಿಯಾ ಕ್ರೂ ಅಂತ ಗುರುವಂದನೆ ಇದೆ, ಸತ್ತ ಗುರುಗಳನ್ನೂ ಕರೆದು ಕೈಮುಗೀತಾರೆ. ಖ್ಮೇರ್ ರೂಜ್ ಕಾಲ ಕಳೆದು ಬಂದ ಮೊದಲ ತಲೆಮಾರಿನ ಸೊಫಿಲಿನ್ ಚಿಯಾಮ್ ಶಪಿರೊ ಅದೇ ಶೈಲಿಯಲ್ಲಿ ಶೇಕ್ಸ್‌ಪಿಯರನ ಒಥೆಲೊ ಕಥೆ ಕಟ್ಟಿದ್ರು. ಕಲೆ ತನ್ನದು ಅನ್ನೋ ಹಕ್ಕಿದ್ದವರು ಅದನ್ನು ಬದಲಿಸಲೂ ಬಲ್ಲರು.

ಕೊನೆಗೆ ಒಂದು ಪದದ ವಿಷಯ. ಕಲ್ಲಿನ ಮೇಲೆ ಗುಲಾಮ ಅಂತಿದ್ದ 'ಖ್ಞುಂ' ಇವತ್ತು ಖ್ಮೇರ್ ಭಾಷೇಲಿ ಏನು ಗೊತ್ತಾ? 'ನಾನು'. ದೊಡ್ಡವರ ಮುಂದೆ ತಗ್ಗಿ 'ತಮ್ಮ ಆಳು' ಅಂತ ಹೇಳ್ತಾ ಹೇಳ್ತಾ ಅದೇ ಎಲ್ಲರ 'ನಾನು' ಆಗಿಬಿಡ್ತು. ಟುಕ್‌ಟುಕ್ ಓಡಿಸೋನು, ಡಾಕ್ಟರು, ನರ್ತಕಿ, ಮಂತ್ರಿ ಎಲ್ಲರೂ ತಮ್ಮ ಬಗ್ಗೆ ಮಾತಾಡೋವಾಗ ಆ ಪದವನ್ನೇ ಬಾಯಿಗೆ ತರಬೇಕು. ರಾಜರ ಬಿರುದುಗಳು ಕಲ್ಲಲ್ಲೇ ಉಳಿದವು. ಪಟ್ಟಿಯಲ್ಲಿದ್ದವರ ಪದ ಇಡೀ ದೇಶದ ನಾಲಿಗೆ ಮೇಲೆ ಕೂತಿದೆ.

ಯಾರಾದ್ರೂ 'ನಮ್ಮ ಭವ್ಯ ಪರಂಪರೆ' ಅಂತ ಶುರು ಮಾಡಿದ್ರೆ ಜಗಳ ಆಡಬೇಡಿ. ಪಟ್ಟಿ ಕೇಳಿ. ಕಲ್ಲು ಹೊತ್ತವರು ಎಷ್ಟು ಜನ? ಅಕ್ಕಿ ಬೆಳೆದವರು ಯಾವ ಊರಿನವರು? ಕುಣಿದವಳ ಹೆಸರೇನು? ನಿಮ್ಮೂರ ಗುಡಿಯ ಶಾಸನವೂ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಇರಬಹುದು, ಲೈಬ್ರರಿಗೆ ಹೋಗಿ ತೆಗೆಸಿ ಓದಿ. ದಾನ ಕೊಟ್ಟವರ ಹೆಸರು ಮೇಲೇ ಇರುತ್ತೆ. ನೀವು ಕೆಳಗಿನ ಸಾಲುಗಳನ್ನು ನೋಡಿ. ಅಲ್ಲಿ ನಮ್ಮಜ್ಜಿ ಇರ್ತಾಳೆ.

ಜೈ ಭೀಮ್.